ಅಚ್ಚಿನ ಮುಂದಿನ ಜಾಗ

ಮತ್ತೊಬ್ಬರಿಗಾಗಿ ಕೆಲಸ ಕೇಳುವಾಗ ಮಾತ್ರ ಚಿನ್ನಯ್ಯ ತನ್ನ ಬಲಗೈಯನ್ನು ಕೋಟಿನ ಜೇಬಿನಿಂದ ಹೊರಗೆ ತೆಗೆಯುತ್ತಿದ್ದ. ಹೆಬ್ಬೆರಳೊಂದನ್ನು ಬಿಟ್ಟು ಉಳಿದ ಬೆರಳುಗಳೆಲ್ಲ ಬುಡದಲ್ಲೇ ಮುಗಿದುಹೋಗಿದ್ದ ಆ ಕೈಯನ್ನು ಧಣಿಯ ಮೇಜಿನ ಮೇಲೆ, ತೂಕದ ಕಲ್ಲನ್ನಿಡುವ ಹಾಗೆ, ಸದ್ದಾಗುವಂತೆ ಇಟ್ಟು, ಎದುರಿನವನ ಕಣ್ಣು ಅದರ ಮೇಲೆ ಬಿದ್ದು, ಕಸಿವಿಸಿಗೊಂಡು, ಗೋಡೆಯ ಕ್ಯಾಲೆಂಡರಿನ ಕಡೆ ಹೊರಳಿ, ಮತ್ತೆ ಅಲ್ಲಿಗೇ ಬರುವ ತನಕ ಕಾದು, ಆಮೇಲೆ ಮಾತು ತೆಗೆಯುತ್ತಿದ್ದ. ತನಗಾಗಿ ಒಂದು ಬೆಂಕಿಕಡ್ಡಿ ಕೇಳಬೇಕಾದರೂ ಆ ಕೈ ಜೇಬಿನ ಆಳ ಸೇರಿಬಿಡುತ್ತಿತ್ತು. ಕೋಟು ಯುದ್ಧಕಾಲದ ಖಾಕಿ, ಯಾವನೋ ಸಿಪಾಯಿಯ ಮೈಬಿಟ್ಟು ಬಂದದ್ದು. ಹರಿದ ಬಲಜೇಬಿಗೆ ಹೆಂಡತಿ ಕಾಂತಿ ಗೋಣಿತಟ್ಟಿನ ತೇಪೆ ಹಾಕಿಕೊಟ್ಟಿದ್ದಳು.

ನೇತ್ರಾವತಿಯ ದಡದಲ್ಲಿ, ಬಂಟ್ವಾಳ ಪೇಟೆಗೆ ಕೂಗಳತೆಯಲ್ಲಿದ್ದ ಹಂಚಿನ ಕಾರ್ಖಾನೆಯೊಂದರಲ್ಲಿ ಅವನು ಪ್ರೆಸ್ಸಿನ ಆಳು. ಆ ಪ್ರೆಸ್ಸು ಕರೆಂಟಿನದಲ್ಲ, ಮನುಷ್ಯರ ತೋಳಿನದು. ಒಬ್ಬ ಹದವಾದ ಮಣ್ಣಿನ ಬಿಲ್ಲೆಯನ್ನು ಅಚ್ಚಿನ ಮೇಲೆ ಹಾಸಿ, ಎಣ್ಣೆ ಸವರಿ, ಕೈ ತೆಗೆಯಬೇಕು. ತೆಗೆದದ್ದೇ ತಡ ಇನ್ನೊಬ್ಬ ಮೇಲಿನ ಚಕ್ರ ಬೀಸಿ ಅಚ್ಚಿನ ಮುಚ್ಚಳ ಇಳಿಸಬೇಕು. ಮತ್ತೊಬ್ಬ ಹಸಿಹಂಚನ್ನು ಎತ್ತಬೇಕು. ಕೂಲಿ ಇಡೀ ಗುಂಪಿಗೆ, ಇಳಿದ ಹಂಚಿನ ಲೆಕ್ಕದಲ್ಲಿ. ಆದ್ದರಿಂದ ಒಬ್ಬರ ಕೈಯನ್ನೊಬ್ಬರು ನೋಡುತ್ತ ನಿಲ್ಲುವ ಪದ್ಧತಿ ಅಲ್ಲಿರಲಿಲ್ಲ. ನೋಡಿ ಬೀಸುವವನನ್ನು ಹೊಸಬನೆಂದು ನಗುತ್ತಿದ್ದರು. ಲಯವೇ ಅವರ ಕಣ್ಣು. ಐವತ್ತೆರಡನೆಯ ಇಸವಿಯ ಒಂದು ಬೆಳಿಗ್ಗೆ ಬಿಲ್ಲೆಯ ಮೂಲೆ ಮಡಚಿದಂತೆ ಕಂಡು ಚಿನ್ನಯ್ಯ ತೆಗೆದ ಕೈಯನ್ನು ಮತ್ತೊಮ್ಮೆ ಚಾಚಿದ. ಚಕ್ರದಲ್ಲಿದ್ದ ಭೋಜ, ಪದ್ಧತಿಯಂತೆ ನೋಡದೆ, ಬೀಸಿದ. ಗಾಯ ಮಾಯುವ ತನಕ ಧಣಿಗಳು ಔಷಧ ಕೊಡಿಸಿದರು. ಮಾಯಿದ ಮೇಲೆ ಗೇಟು ತೋರಿಸಿದರು.

ಅಲ್ಲಿಂದ ಶುರುವಾಯಿತು ಅವನ ತಿರುಗಾಟ. ಸಿದ್ಧಕಟ್ಟೆಯ ದಾರಿಯಾಗಿ ಮೂಡಬಿದ್ರೆ, ಆ ಕಡೆಯಿಂದ ಬೆಳ್ತಂಗಡಿ. ಎಲ್ಲಿ ಕುಂಟನಿದ್ದಾನೆ, ಎಲ್ಲಿ ಕಿವುಡಿ ಇದ್ದಾಳೆ, ಯಾವ ಮನೆಯ ಹಿಂದಿನ ಜಗಲಿಯಲ್ಲಿ ಯಾರನ್ನು ಕೂರಿಸಿ ಗಂಜಿ ಹಾಕುತ್ತಿದ್ದಾರೆ ಎಂಬುದನ್ನೆಲ್ಲ ಅವನು ನಮ್ಮ ಕಾರ್ಮಿಕ ಸಂಘದವರಿಗಿಂತ ಚೆನ್ನಾಗಿ ಬಲ್ಲ. ಸರಕಾರಕ್ಕೆ ಇಂಥ ಜನ ಇದ್ದಾರೆಂಬ ನೆನಪೇ ಇಲ್ಲದ ಕಾಲ ಅದು. ನಾವೂ ಮುಷ್ಟಿ ಬಿಗಿಯಬಲ್ಲವರನ್ನೇ ಕಾರ್ಮಿಕರೆಂದು ತಿಳಿದಿದ್ದೆವು. ಚಿನ್ನಯ್ಯನ ಕ್ರಮವೇ ಬೇರೆ. ಮೊದಲು ಹೋಗಿ ಅರ್ಧ ಹಗಲು ಆ ಕಾರ್ಖಾನೆಯಲ್ಲೋ ಹೋಟೆಲಿನಲ್ಲೋ ಬೀಡಿ ಸೇದುತ್ತ ಕೂರುವನು. ಇಡೀ ಕೆಲಸದಿಂದ ಯಾವ ತುಂಡನ್ನು ಮುರಿದು ಯಾರ ಕೈಗೆ ಕೊಡಬಹುದೆಂದು ನೋಡುವನು. ಆಮೇಲೆ ಮೇಜು, ಆಮೇಲೆ ಆ ಕೈ.

ಮೂಡಬಿದ್ರೆಯಲ್ಲಿ ಮೀನೂಟದ ಹೋಟೆಲಿಟ್ಟಿದ್ದ ಕಮಲಾಕ್ಷ ಶೆಟ್ಟರ ಬಳಿಗೆ ಅವನು ಶಂಭುವನ್ನು ಬೆನ್ನ ಮೇಲೆ ಹೊತ್ತು ತಂದದ್ದು ನನಗೆ ನೆನಪಿದೆ. ಹುಟ್ಟಿನಿಂದಲೇ ಶಂಭುವಿನ ಎರಡೂ ಕಾಲು ಸೊರಗಿದ್ದವು.

"ನಡೆಯಲಿಕ್ಕಾಗದವನನ್ನು ಹೋಟೆಲಿಗೆ ತಂದಿದ್ದೀಯಲ್ಲ, ನಿನಗೆ ತಲೆ ಸರಿ ಉಂಟಾ ಚಿನ್ನಯ್ಯ?" ಎಂದರು ಶೆಟ್ಟರು.

"ನಿಮ್ಮ ಅರೆಯುವ ಕಲ್ಲು ನಡೆಯುತ್ತದಾ ಧಣಿ?"

ಶೆಟ್ಟರಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಮೀನಿನ ಗಸಿಗೆ ಮಸಾಲೆ ಅರೆಯುವ ಕಲ್ಲಿನ ಮುಂದೆ ಶಂಭು ಕೂತ. ಕಾಲಿನ ಬಲವೆಲ್ಲ ತೋಳಿಗೆ ಏರಿದಂತಿದ್ದ ಅವನು ಮುಂದೆ ಮದುವೆಯಾದದ್ದೂ ಆ ಕಲ್ಲಿನ ಭರವಸೆಯ ಮೇಲೆಯೇ.

ಎಲ್ಲವೂ ಹೀಗೆ ನೆಟ್ಟಗಾಗುತ್ತಿತ್ತು ಎಂದೇನಿಲ್ಲ. ಕಿವಿ ಕೇಳದ, ಮಾತು ಬಾರದ ಪ್ರೇಮಾವತಿಯನ್ನು ಬೆಳ್ತಂಗಡಿಯ ಅಕ್ಕಿ ಮಿಲ್ಲಿಗೆ ಸೇರಿಸಲು ಅವನು ಮಳೆಗಾಲವಿಡೀ ಅಲೆದ. ಅವಳೋ ವಾರ ತುಂಬುವ ಮೊದಲೇ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ತೌಡಿನ ಧೂಳು ಕೊಡವಿ, ಮನೆಗೆ ನಡೆದಳು. ಮಿಲ್ಲಿನ ಮೊಯಿದಿನಬ್ಬ ಸಾಹುಕಾರರು ಸಿಕ್ಕಲ್ಲೆಲ್ಲ ಕೆಣಕಿದರು: "ಎಂಥ ಚಿನ್ನಯ್ಯ, ನಿನ್ನ ಮಹಾರಾಣಿ ರಾಜೀನಾಮೆ ಕೊಟ್ಟಳಂತೆ." ಚಿನ್ನಯ್ಯ ಖುಷಿಯಲ್ಲೇ ಇದ್ದ. "ಕೆಲಸ ಇದ್ದರೆ ಬಿಡ್ಲಿಕ್ಕೂ ಆಗ್ತದೆ ಸಾಹುಕಾರ್ರೇ. ಇಲ್ಲದವಳು ಎಂಥದನ್ನು ಬಿಡುವುದು?"

ಕಾಂತಿ ಮಾತ್ರ ದೋಣಿ ಕಡವಿನ ಬಳಿಯ ವೀಳ್ಯದ ಅಂಗಡಿಯಲ್ಲಿ ಕೂತು, ಸಂಸಾರವನ್ನು ಒಬ್ಬಳೇ ಎಳೆಯುತ್ತ, ಅವನಿಗೆ ಕೇಳಿಸುವ ಹಾಗೆ ಗಿರಾಕಿಗಳಿಗೆ ಹೇಳುತ್ತಿದ್ದಳು: "ಊರಿಗೆಲ್ಲ ಕೆಲಸ ಕೊಡಿಸುವ ದೊಡ್ಡ ಜನ ಇವರು. ಇವರಿಗೆ ಒಂದು ಕೊಡ ನೀರು ತರುವ ಕೆಲಸ ಯಾರಾದ್ರೂ ಕೊಡಿಸಿ ಮಾರಾಯ್ರೆ."

ಅವನಿಗೆ ಬೇಕಾಗಿದ್ದ ಕೆಲಸ ಒಂದೇ ಎಂಬುದು ಅವಳಿಗೂ ಗೊತ್ತಿತ್ತು. ದಾರಿಬದಿಯಲ್ಲಿ ಎಲ್ಲಿ ಹೊಸ ಹಂಚು ಪೇರಿಸಿದ್ದರೂ ಒಂದನ್ನೆತ್ತಿ ಎಡಗೈಯ ಗೆಣ್ಣಿನಿಂದ ತಟ್ಟಿ, ಕಿವಿ ಕೊಟ್ಟು, ಯಾರದೋ ಮಗುವನ್ನು ಹಿಂತಿರುಗಿಸುವವನಂತೆ ಮೆಲ್ಲಗೆ ಕೆಳಗಿಡುತ್ತಿದ್ದ. ಕಾರ್ಖಾನೆಯ ಬೇಲಿಯ ಪಕ್ಕದಲ್ಲಿ ಹೋಗುವಾಗ ಒಳಗಿನ ಪ್ರೆಸ್ಸಿನ ಬಡಿತಕ್ಕೆ ಅವನ ನಡಿಗೆ ತಾನಾಗಿ ಹೊಂದಿಕೊಳ್ಳುತ್ತಿತ್ತು.

ಅರುವತ್ತೊಂದರಲ್ಲಿ ನಾವು ಮುಷ್ಕರ ಹೂಡಿದೆವು. ಕಾರ್ಖಾನೆಯಲ್ಲಿ ಕೈಕಾಲು ಕಳೆದುಕೊಂಡವರಿಗೆ ಅಲ್ಲಿಯೇ ಕೆಲಸ ಕೊಡಬೇಕೆಂಬ ಬೇಡಿಕೆಯೂ ಗೆದ್ದಿತು. ಧಣಿಗಳು ಚಿನ್ನಯ್ಯನಿಗೆ ಗೇಟಿನ ಕಾವಲು ಕೊಡಹೋದರು. "ಕಾವಲಿಗೆ ಒಂದು ನಾಯಿ ಸಾಕಿ. ನನಗೆ ಅಚ್ಚಿನ ಮುಂದಿನ ಜಾಗ ಬೇಕು" ಎಂದ. ಇಷ್ಟು ಹೇಳುವಾಗಲೂ ಕೈ ಜೇಬಿನಲ್ಲಿಯೇ ಇತ್ತು. ಊರವರ ಕೆಲಸವನ್ನೆಲ್ಲ ತುಂಡು ಮಾಡಿ ಹೊಂದಿಸಿದವನು ತನ್ನದನ್ನೂ ಹೊಂದಿಸಿಕೊಂಡಿದ್ದ: ಬಿಲ್ಲೆಯನ್ನು ಎಡಗೈಯಲ್ಲೆತ್ತಿ ಬಲ ಅಂಗೈಯಿಂದ ತಳ್ಳುವುದು, ಎಣ್ಣೆಬಟ್ಟೆಯನ್ನು ಹೆಬ್ಬೆರಳಿಗೆ ಕಟ್ಟಿಕೊಂಡು ಸವರುವುದು. ಮನೆಯಂಗಳದಲ್ಲಿ ಹಲಗೆಯ ಮೇಲೆ ಕೆಸರು ಹಾಸಿ ಸಾಧನೆಯನ್ನೂ ಮಾಡಿದ್ದ. ಕಾಂತಿ ಆ ದಿನಗಳಲ್ಲಿ ಏನೂ ಕೆಣಕಲಿಲ್ಲ.

ಆ ಬೆಳಿಗ್ಗೆ ಅವನು ಕೋಟು ಕಳಚಿ ಮೊಳೆಗೆ ತೂಗುಹಾಕಿ ಪ್ರೆಸ್ಸಿನ ಮುಂದೆ ನಿಂತಾಗ ಹಸಿಮಣ್ಣಿನ ತಂಪು ಅವನ ಮುಖದಲ್ಲೇ ಕಾಣಿಸಿತು. ಬಿಲ್ಲೆ ಹಾಸಿದ, ಸವರಿದ, ಕೈ ತೆಗೆದ. ಎಲ್ಲವೂ ಸರಿಯಾಗಿತ್ತು. ಚಕ್ರ ತಿರುಗಲಿಲ್ಲ.

ಭೋಜ ನೋಡುತ್ತಿದ್ದ.

"ಬೀಸು ಮಾರಾಯ."

"ಕೈ ತೆಗೆದಿರಾ ಚಿನ್ನಯ್ಯಣ್ಣ?"

"ತೆಗೆಯದೆ? ಇನ್ನು ಎಂಥ ಉಂಟು ನಿನಗೆ ಕೊಡ್ಲಿಕ್ಕೆ?"

ಗುಂಪಿನವರು ನಕ್ಕರು, ಭೋಜ ನಗಲಿಲ್ಲ. ಬೀಸಿದ, ಆದರೆ ಪ್ರತಿ ಸಲವೂ ಬಗ್ಗಿ, ಅಚ್ಚಿನ ಮೇಲೆ ಬರಿಯ ಮಣ್ಣಿದೆ ಎಂದು ಖಾತ್ರಿಮಾಡಿಕೊಂಡ ಮೇಲೆಯೇ ಬೀಸಿದ. ಒಂಬತ್ತು ವರ್ಷ ಬೇರೆಯವರೊಡನೆ ಕಣ್ಣುಮುಚ್ಚಿ ಬೀಸಿದ ತೋಳು ಇವನೆದುರು ಮಾತ್ರ ಹೊಸಬನ ತೋಳಾಗಿಬಿಟ್ಟಿತ್ತು. ಮಧ್ಯಾಹ್ನದ ಹೊತ್ತಿಗೆ ಹಾಸದ ಬಿಲ್ಲೆಗಳು ಬಿರುಕು ಬಿಡತೊಡಗಿದವು, ಹಂಚು ಹೊರುವ ಹೆಂಗಸರು ಕೈಕಟ್ಟಿ ಕೂತರು, ಗುಂಪಿನ ನಗುವೂ ನಿಂತಿತು. ಕೂಲಿ ಅವರದೂ ತಾನೆ?

ಮೇಸ್ತ್ರಿ ಕೆಟ್ಟವನಲ್ಲ. ಚಿನ್ನಯ್ಯನನ್ನು ಬದಿಗೆ ಕರೆದು, "ಭೋಜನನ್ನು ಭಟ್ಟಿಯ ಕೆಲಸಕ್ಕೆ ಹಾಕುವ. ಚಕ್ರಕ್ಕೆ ಬೇರೆ ಜನ ಉಂಟು. ನೀನು ಹೂಂ ಅಂದರೆ ಸಾಕು" ಎಂದ.

ಹೂಂ ಅಂದರೆ ಸಾಕಿತ್ತು. ಚಿನ್ನಯ್ಯ ಕೆಲಸವನ್ನು ಅಳೆಯುವಾಗ ಕೂರುವ ಹಾಗೆಯೇ ಮೆಟ್ಟಿಲ ಮೇಲೆ ಕೂತ. ಬೀಡಿ ಹಚ್ಚಲಿಲ್ಲ. ಭಟ್ಟಿಯ ಬಾಯಲ್ಲಿ ಬೇಯುತ್ತಿದ್ದವರನ್ನೂ, ಚಕ್ರದ ಹಿಡಿಗೆ ಹಣೆಯಿಟ್ಟು ನಿಂತಿದ್ದ ಭೋಜನನ್ನೂ, ಅಚ್ಚನ್ನೂ ನೋಡಿದ. ಅಚ್ಚನ್ನು ಹೆಚ್ಚು ಹೊತ್ತು ನೋಡಿದ.

"ಬೇಡ" ಎಂದ. "ಎದುರಿಗೆ ನಾನು ಇಲ್ಲದಿದ್ದರೆ ಅವನ ತೋಳು ಸರಿ ಉಂಟು."

ಕೋಟು ತೊಟ್ಟು ಹೊರಟುಹೋದ. ಮರುದಿನ ಬೆಳ್ತಂಗಡಿಯಲ್ಲಿದ್ದ, ಪ್ರೇಮಾವತಿಗೆ ಧೂಳಿಲ್ಲದ ಕೆಲಸ ಹುಡುಕಿಕೊಂಡು. ಆದರೆ ಬದುಕಿರುವ ತನಕ, ಸಂಜೆ ಕಡವಿನಲ್ಲಿ ದೋಣಿಗೆ ಕಾಯುವ ಕಾರ್ಖಾನೆಯ ಹೆಂಗಸರನ್ನು ಅವನು ಕೇಳುತ್ತಿದ್ದ: "ಇವತ್ತು ಮಣ್ಣು ಹೇಗಿತ್ತು?" ಅವರು ಹದವಾಗಿತ್ತು ಎಂದರೂ, ಕಲ್ಲು ಜಾಸ್ತಿ ಎಂದರೂ, ಮನೆಯವರ ಕ್ಷೇಮ ಕೇಳಿದವನಂತೆ ತಲೆದೂಗುತ್ತಿದ್ದ.

ಇಂಥವರಿಗೆ ನಾವು ಸಭೆಗಳಲ್ಲಿ ಹಾರ ಹಾಕಿ ತ್ಯಾಗಿಗಳೆಂದು ಕರೆದು ಕೈತೊಳೆದುಕೊಳ್ಳುತ್ತೇವೆ. ಬಿಟ್ಟುಕೊಟ್ಟವನಿಗೆ ಆ ಜಾಗ ಬೇಡವಾಗಿತ್ತೆಂದು ತಿಳಿದರೆ ನಮ್ಮ ನಿದ್ದೆಗೆ ಅನುಕೂಲ. ಊರಿಗೆಲ್ಲ ಜಾಗ ಹುಡುಕುವ ಜನ ಸಾಮಾನ್ಯವಾಗಿ ತಮ್ಮದೊಂದು ಜಾಗವನ್ನು ಕಳೆದುಕೊಂಡವರು. ಅದರ ಅಳತೆ ಮೈಯಲ್ಲೇ ಉಳಿದಿರುವುದರಿಂದಲೇ ಬೇರೆಯವರ ಅಳತೆ ಅವರಿಗೆ ಸುಲಭವಾಗಿ ಸಿಕ್ಕುತ್ತದೆ. ಅವರ ಮನಸ್ಸು ದೊಡ್ಡದಿರಬಹುದು, ಇಲ್ಲದಿರಬಹುದು. ಆಸೆಯಂತೂ ದೊಡ್ಡದು, ಮತ್ತು ಅದು ಕೊನೆಯ ತನಕ ತೀರುವುದಿಲ್ಲ.