ಬ್ರೇಕಮ್ಮನ ಎಪ್ಪತ್ತು

ಹಡಗು ಹತ್ತಿ ಮೂರು ದಿನವಾದರೂ ಬ್ರೇಕಮ್ಮ ಒಂದು ಕಡೆ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಬೆಳಿಗ್ಗೆ ಎದ್ದು ಐದನೇ ಮಹಡಿಯ ಡೆಕ್ಕಿನಲ್ಲಿ ನಾಲ್ಕು ಸುತ್ತು ಹಾಕುವುದು, ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿ ಒಂಬತ್ತನೇ ಮಹಡಿಗೆ ಹೋಗುವುದು, ಅಲ್ಲಿ ಈಜುಕೊಳದ ಸುತ್ತ ಒರಗುಕುರ್ಚಿಗಳಲ್ಲಿ ಕಣ್ಣು ಮುಚ್ಚಿ ಬಿದ್ದವರನ್ನು ನೋಡಿ, "ಅಯ್ಯೋ, ಇವರಿಗೆ ಮನೇಲಿ ಹಾಸಿಗೆ ಇರಲಿಲ್ವೇನೇ?" ಎಂದು ಮಗಳನ್ನು ಕೇಳುವುದು, ಮತ್ತೆ ಇಳಿಯುವುದು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವರು ಅಂತಾರಲ್ಲ, ಆ ಪೈಕಿ. ನಡುಸಮುದ್ರದಲ್ಲಿ ಅಂಥವರು ಎಲ್ಲಿಗೆ ಹೋಗಬೇಕು, ಪಾಪ?

ಚಕ್ರವೆಂದದ್ದು ಬರೀ ಮಾತಿಗಲ್ಲ. ಮೂವತ್ತೊಂದು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದ ಹೆಂಗಸು ಅವರು. ಕಲಿಸುವ ಕಾರಿನಲ್ಲಿ ಸ್ಟೇರಿಂಗ್ ಇಲ್ಲದ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕು ಇರುತ್ತದೆ. ಅದರ ಮೇಲೆ ಬಲಗಾಲಿಟ್ಟು ಕೂತು, "ಬ್ರೇಕು! ಬ್ರೇಕೂ!" ಎಂದು ಅವರು ಕೂಗಿದರೆ ರಸ್ತೆಯ ನಾಯಿಗಳೂ ನಿಂತುಬಿಡುತ್ತಿದ್ದವು. ಊರಿನ ಅರ್ಧ ಜನ ಅವರ ಹತ್ತಿರ ಬೈಸಿಕೊಂಡೇ ಕಲಿತದ್ದು. ಅಪ್ಪ ಅಮ್ಮ ಇಟ್ಟ ಹೆಸರು ಲೈಸೆನ್ಸಿನಲ್ಲಿ ಉಳಿಯಿತು, ಬಾಯಲ್ಲಿ ಬ್ರೇಕಮ್ಮ ಉಳಿಯಿತು.

ಹೋದ ವರ್ಷ ಗೇಟಿನ ಕಂಬಕ್ಕೆ ಕಾರಿನ ಬಾಗಿಲು ಒಂದು ಚೂರು, ಒಂದೇ ಒಂದು ಚೂರು ಸವರಿತು. ಮಗ ಕೀ ತೆಗೆದು ಜೇಬಿಗೆ ಹಾಕಿಕೊಂಡ. "ಸಾಕಮ್ಮ ಇನ್ನು, ಆರಾಮಾಗಿರು" ಅಂದ. ತಿಂಗಳೊಳಗೆ ಕಾರನ್ನೂ ಮಾರಿದ. ಆರಾಮವಂತೆ ಆರಾಮ! ಆವತ್ತಿನಿಂದ ಬ್ರೇಕಮ್ಮನಿಗೆ ಊಟ ಸೇರದು, ನಿದ್ದೆ ಹತ್ತದು. ಎಲ್ಲಿ ಕೂತರೂ ಬಲಗಾಲು ತನ್ನಷ್ಟಕ್ಕೆ ತಾನೇ ನೆಲ ಒತ್ತುತ್ತದೆ.

ಇದನ್ನೆಲ್ಲ ನೋಡಲಾರದೆ ಮಗಳು ಅಮ್ಮನ ಎಪ್ಪತ್ತನೇ ಹುಟ್ಟುಹಬ್ಬದ ನೆಪ ಮಾಡಿ ದ್ವೀಪಗಳನ್ನು ಸುತ್ತುವ ಈ ಹಡಗಿಗೆ ಕರೆತಂದಿದ್ದಳು. ಮಗಳು ಲೈಬ್ರರಿಯಲ್ಲಿ ಕೆಲಸ ಮಾಡುವವಳು. ನಲವತ್ತು ದಾಟಿದ್ದರೂ ಅಮ್ಮನ ಮುಂದೆ ದನಿ ಎತ್ತಿದವಳಲ್ಲ. ದೊಡ್ಡ ದ್ವೀಪದಲ್ಲಿ ಇಳಿದಾಗ ನೋಡಲು ಹಡಗಿನವರದೇ ಬಸ್ ಟೂರು ಬುಕ್ ಮಾಡಿದ್ದಳು: ಜಲಪಾತ, ಹೂದೋಟ, ಊಟ, ಸಮುದ್ರದಂಡೆ, ವಾಪಸ್ಸು.

ಬಸ್ಸು! ಬೇರೆ ಯಾರೋ ಓಡಿಸುವುದು, ತಾನು ಕಿಟಕಿ ಪಕ್ಕ ಬೊಂಬೆಯ ಹಾಗೆ ಕೂರುವುದು. ಬ್ರೇಕಮ್ಮ ಮೊದಲ ದಿನವೇ ಮಗಳು ಸ್ನಾನಕ್ಕೆ ಹೋದ ಹೊತ್ತು ನೋಡಿ ಮೂರನೇ ಮಹಡಿಯ ಟೂರ್ ಡೆಸ್ಕಿಗೆ ಇಳಿದಿದ್ದರು.

"ಅಲ್ಲಿ ಬಾಡಿಗೆಗೆ ಕಾರು ಸಿಗುತ್ತೇನಮ್ಮ? ಡ್ರೈವರ್ ಬೇಡ."

"ಸಿಗುತ್ತೆ ಅಜ್ಜಿ. ಬಂದರಿನ ಗೇಟಿನ ಹೊರಗೇ ಇದೆ. ಆದ್ರೆ ಒಂದು ಮಾತು. ನಮ್ಮ ಟೂರಲ್ಲಿ ಹೋದವರು ತಡ ಆದ್ರೆ ಹಡಗು ಕಾಯುತ್ತೆ. ತಮ್ಮಷ್ಟಕ್ಕೆ ಕಾರು ತಗೊಂಡು ಹೋದವರಿಗೆ ಕಾಯಲ್ಲ. ನಾಲ್ಕು ಅಂದ್ರೆ ನಾಲ್ಕಕ್ಕೆ ಹೊರಡ್ತೀವಿ."

"ಅಜ್ಜಿ ಅನ್ಬೇಡ, ಮೇಡಂ ಅನ್ನು. ನಾನು ಇವತ್ತಿನವರೆಗೆ ಯಾರನ್ನೂ ಕಾಯಿಸಿಲ್ಲ."

ಡೆಸ್ಕಿನ ಹುಡುಗಿ ನಕ್ಕು, ಫಾರಂ ತುಂಬುತ್ತಾ ವಯಸ್ಸು ಕೇಳಿದಳು. ಕೇಳಿ ಪೆನ್ನು ನಿಲ್ಲಿಸಿದಳು. ಎಪ್ಪತ್ತು ತುಂಬಿದವರಿಗೆ ಅಲ್ಲಿ ಕಾರು ಕೊಡುವುದಿಲ್ಲವಂತೆ, ಇನ್ಶೂರೆನ್ಸಿನವರ ನಿಯಮ. ಬ್ರೇಕಮ್ಮ ಬೆರಳು ಮಡಿಸಿ ಎಣಿಸಿದರು. ಹಡಗು ಆ ದ್ವೀಪಕ್ಕೆ ಹೋಗುವುದು ಗುರುವಾರ. ಎಪ್ಪತ್ತು ತುಂಬುವುದು ಶುಕ್ರವಾರ. ಒಂದೇ ಒಂದು ದಿನ! "ಬರಿಯಮ್ಮ, ಬರಿ" ಎಂದು ಮೇಜು ಕುಟ್ಟಿದರು. ಇನ್ನು ಈ ಜನ್ಮದಲ್ಲಿ ಯಾರೂ ತನ್ನ ಕೈಗೆ ಕಾರು ಕೊಡುವುದಿಲ್ಲ, ಮಗನಂತೂ ಕೊಡುವುದಿಲ್ಲ, ಇದೇ ಕೊನೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕಡಲಂಚಿನಲ್ಲೇ ದ್ವೀಪ ಸುತ್ತಿ ಬಂದರಿಗೆ ಮರಳುವ ಐವತ್ತೆರಡು ಕಿಲೋಮೀಟರು, ನಡುವೆ ಒಂದು ಘಾಟಿ. ನಕ್ಷೆಯನ್ನು ದಿಂಬಿನ ಕೆಳಗಿಟ್ಟುಕೊಂಡು ಆ ದಿನ ಮಗುವಿನ ಹಾಗೆ ಮಲಗಿದರು.

ಬುಧವಾರ ಮಧ್ಯಾಹ್ನ ಸ್ಪೀಕರಿನಲ್ಲಿ ಕ್ಯಾಪ್ಟನ್ ಗಂಟಲು ಸರಿಮಾಡಿಕೊಂಡ. ಗಾಳಿ ಜೋರಿದೆ, ಆದ್ದರಿಂದ ನಾಳೆ ಚಿಕ್ಕ ದ್ವೀಪ, ದೊಡ್ಡದಕ್ಕೆ ಶುಕ್ರವಾರ, ಪ್ರಯಾಣಿಕರು ಸಹಕರಿಸಬೇಕು.

ಬ್ರೇಕಮ್ಮನ ಕೈಯಲ್ಲಿದ್ದ ಚಮಚ ತಟ್ಟೆಗೆ ಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದರೆ ಇದೇ. ಗುರುವಾರ ಪೂರ್ತಿ ಅವರು ಚಿಕ್ಕ ದ್ವೀಪದ ಮರಳಿನಲ್ಲಿ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ನಡೆದರು. "ಏನಾಯ್ತಮ್ಮ?" ಎಂದು ಮಗಳು ಹತ್ತು ಸಲ ಕೇಳಿದಳು. "ಬಿಸಿಲು ಕಣೇ" ಎಂದು ಹತ್ತು ಸಲವೂ ಹೇಳಿದರು.

ಶುಕ್ರವಾರ ಬೆಳಿಗ್ಗೆ ಮಗಳು ಕಾಲು ಮುಟ್ಟಿ ನಮಸ್ಕರಿಸಿ, "ನಡಿ, ಹನ್ನೊಂದಕ್ಕೆ ಬಸ್ಸು" ಅಂದಳು. ಬ್ರೇಕಮ್ಮ ದಿಂಬಿನ ಕೆಳಗಿಂದ ಬುಕಿಂಗ್ ಚೀಟಿ ತೆಗೆದು ಅವಳ ಕೈಗಿಟ್ಟರು.

ಮಗಳು ಓದಿದಳು. ಇನ್ನೊಂದು ಸಲ ಓದಿದಳು. "ಊರಿಗೆಲ್ಲ ಒಂದು ದಾರಿಯಾದ್ರೆ ನಿಂಗೊಂದು ದಾರಿ! ಅಣ್ಣನಿಗೆ ಗೊತ್ತಾದ್ರೆ ನನ್ನ ತಲೆ ತೆಗೀತಾನೆ."

"ಅವನು ಕೀ ತೆಗೆದದ್ದು ಸಾಲದಾ? ನೀನು ಬಸ್ಸಲ್ಲಿ ಹೋಗು. ನಾನು ಕಾರಿನವರನ್ನ ಕೇಳಿಯಾದ್ರೂ ಬರ್ತೀನಿ." ಹೇಳುತ್ತಲೇ ಚಪ್ಪಲಿ ಮೆಟ್ಟಿ ಹೊರಟಾಗಿತ್ತು. ಮಗಳು ನೀರಿನ ಬಾಟಲಿ, ಕೊಡೆ, ಮಾತ್ರೆಡಬ್ಬಿ ಬಾಚಿಕೊಂಡು ಹಿಂದೆ ಓಡಿದಳು.

ಬಂದರಿನ ಗೇಟಿನಾಚೆ ತಗಡಿನ ಚಪ್ಪರ, ಅದರ ಕೆಳಗೆ ಒಂದು ಕೌಂಟರು, ಹಿಂದೆ ಎರಡು ಸಾಲು ವ್ಯಾನುಗಳು ನಿಂತ ಉದ್ದನೆಯ ಅಂಗಳ. ಕೌಂಟರಿನಲ್ಲಿ ದಪ್ಪ ಕನ್ನಡಕದ ಯಜಮಾನರು. ಕಾಗದ ನೋಡಿದರು, ಕಂಪ್ಯೂಟರ್ ನೋಡಿದರು, ಬ್ರೇಕಮ್ಮನನ್ನು ನೋಡಿದರು.

"ಹುಟ್ಟುಹಬ್ಬದ ಶುಭಾಶಯ ಅಮ್ಮ. ಆದ್ರೆ ಕಾರು ಕೊಡಕ್ಕಾಗಲ್ಲ. ಎಪ್ಪತ್ತು ತುಂಬಿದೆ."

"ತುಂಬಿಲ್ಲ."

"ಇವತ್ತಿನ ತಾರೀಖೇ ಅಲ್ವಾ?"

"ತಾರೀಖು ಇವತ್ತಿಂದೇ. ನಾನು ಹುಟ್ಟಿದ್ದು ಸಂಜೆ ಆರೂವರೆಗೆ. ನಮ್ಮಮ್ಮ ಇಡೀ ದಿನ ಒದ್ದಾಡಿದ್ದಾಳೆ, ಬೇಕಾದ್ರೆ... ಅವಳಿಲ್ಲ ಈಗ, ಇದ್ದಿದ್ರೆ ಫೋನ್ ಹಚ್ಚಿ ಕೊಡ್ತಿದ್ದೆ. ನಾಲ್ಕಕ್ಕೆ ನನ್ನ ಹಡಗು ಹೊರಡುತ್ತೆ. ನಿಮ್ಮ ಕಾರು ನನ್ನ ಕೈಲಿರೋವಷ್ಟು ಹೊತ್ತೂ ನಂಗೆ ಅರವತ್ತೊಂಬತ್ತೇ! ಬಿಂದಿಗೆ ಕಂಠದವರೆಗೆ ಬಂದಿದೆ ಸ್ವಾಮಿ, ಇನ್ನೂ ತುಂಬಿಲ್ಲ."

ಯಜಮಾನರು ಬಾಯಿತುಂಬ ನಕ್ಕರು. ಪಕ್ಕದಲ್ಲಿ ನಿಂತ ವ್ಯಾನ್ ಡ್ರೈವರುಗಳೂ ನಕ್ಕರು. ನಕ್ಕು ಮುಗಿಸಿ ಯಜಮಾನರು ಕಂಪ್ಯೂಟರನ್ನು ತಿರುಗಿಸಿ ತೋರಿಸಿದರು. "ನಾನು ಒಪ್ಪಿದೆ ಅನ್ನಿ. ಇದು ಒಪ್ಪಬೇಕಲ್ಲ? ಇದಕ್ಕೆ ಗಂಟೆ ಗೊತ್ತಿಲ್ಲಮ್ಮ, ತಾರೀಖು ಮಾತ್ರ ಗೊತ್ತು."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂದ ಹಾಗಾಯಿತು. ಬ್ರೇಕಮ್ಮ ಮತ್ತೆ ವಾದಿಸಲಿಲ್ಲ. ಅಂಚು ಸವೆದ ತಮ್ಮ ಲೈಸೆನ್ಸನ್ನು ಕೌಂಟರಿನಿಂದ ಎತ್ತಿಕೊಂಡು ಸೆರಗಿನಲ್ಲಿ ಒರೆಸಿದರು. ಅಳು ಬಂದಿತ್ತು. ಎಷ್ಟೋ ಜನರನ್ನು ಅಳಿಸಿದ ಹೆಂಗಸು, ನಾಲ್ಕು ಜನ ಡ್ರೈವರುಗಳೆದುರು ಅಳುವುದುಂಟೇ ಎಂದು ಚಪ್ಪರದ ತಗಡು ನೋಡುತ್ತಾ ನಿಂತರು.

ಆಗ ಕೌಂಟರಿನ ಮೇಲೆ ಇನ್ನೊಂದು ಲೈಸೆನ್ಸು ಬಂದು ಕೂತಿತು. ಹೊಸದು, ಫಳಫಳ ಹೊಳೆಯುವುದು.

"ಇದು ನಡೆಯುತ್ತಾ ನೋಡಿ" ಅಂದಳು ಮಗಳು. ಅಮ್ಮನ ಕಡೆ ತಿರುಗಲಿಲ್ಲ. "ಎರಡು ವರ್ಷ ಆಯ್ತು ತಗೊಂಡು."

"ಯಾರದೇ ಇದು?"

"ನಂದೇ."

"ಎಲ್ಲಿ ಕಲಿತೆ?"

"ಬೇರೆ ಸ್ಕೂಲಲ್ಲಿ."

ಬ್ರೇಕಮ್ಮನಿಗೆ ಕೆನ್ನೆಗೆ ಹೊಡೆದಂತಾಯಿತು. ಅಡುಗೆಯವಳ ಮಗಳು ಹೋಟೆಲಿಗೆ ಹೋಗಿ ಉಂಡುಬಂದ ಹಾಗೆ! ಯಾಕೆ ಎಂದು ಅವರಿಗೇ ಗೊತ್ತಿತ್ತು. ಹದಿನೆಂಟು ವರ್ಷದ ಹುಡುಗಿಯನ್ನು ಕಾರಿಗೆ ಕೂರಿಸಿದ ಮೊದಲ ದಿನವೇ ಅವಳು ತರಕಾರಿ ಗಾಡಿಗೆ ಗುದ್ದಿದ್ದಳು. ರಸ್ತೆಯ ಜನರೆಲ್ಲ ಕೇಳುವಂತೆ ಇವರು ಕೂಗಿದ್ದರು: "ಈ ಜನ್ಮಕ್ಕೆ ನಿನ್ನ ಕೈಲಾಗಲ್ಲ, ಇಳಿ ಕೆಳಗೆ!" ಹುಡುಗಿ ಇಳಿದು ಮನೆಗೆ ನಡೆದುಕೊಂಡೇ ಹೋಗಿದ್ದಳು. ಆಮೇಲೆ ಸ್ಟೇರಿಂಗ್ ಮುಟ್ಟಿರಲಿಲ್ಲ. ಅಂದರೆ, ಅಮ್ಮನೆದುರು ಮುಟ್ಟಿರಲಿಲ್ಲ.

ಯಜಮಾನರು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಓಡಿಸುವುದು ಮಗಳು ಮಾತ್ರ ಎಂದು ಎರಡು ಸಲ ಹೇಳಿದರು. ಕೀ ಕೊಡುವಾಗ ಬ್ರೇಕಮ್ಮನ ಮುಖ ನೋಡಿ ಏನನ್ನಿಸಿತೋ, ದನಿ ತಗ್ಗಿಸಿದರು. "ನೋಡಮ್ಮ, ಇನ್ಶೂರೆನ್ಸು ಗೇಟಿನಿಂದ ಆಚೆಗೆ. ಗೇಟಿನೊಳಗೆ ನನ್ನ ರೂಲು. ನಿಮ್ಮ ಕಾರು ಅಂಗಳದ ತುದೀಲಿದೆ. ಗೇಟಿನವರೆಗೆ ನೀವೇ ತನ್ನಿ. ತಿರುಗಿಸೋಕೆ ಜಾಗ ಇಲ್ಲ, ರಿವರ್ಸಲ್ಲೇ ಬರಬೇಕು. ಬರುತ್ತಾ?"

"ಬರುತ್ತಾ ಅಂತ ಕೇಳ್ತೀರಾ ನನ್ನ?"

ಬಿಳೀ ಕಾರಿನೊಳಗೆ ಒಲೆಯ ಬಾಯಿಯಂಥ ಸೆಕೆ. ಬ್ರೇಕಮ್ಮ ಸೀಟು ಮುಂದಕ್ಕೆ ಎಳೆದುಕೊಂಡರು, ಕನ್ನಡಿ ಸರಿಪಡಿಸಿದರು, ಕ್ಲಚ್ ಒತ್ತಿದರು. ಎರಡು ಬದಿಯ ವ್ಯಾನುಗಳಿಗೂ ಕಾರಿಗೂ ನಡುವೆ ಒಂದೊಂದು ಗೇಣು. ಕತ್ತು ಹೊರಳಿಸಿ ಹಿಂದಿನ ಗಾಜು ನೋಡುತ್ತಾ, ಒಂದೇ ಉಸಿರಿಗೆ, ಎಲ್ಲೂ ತಡೆಯದೆ, ದಾರ ಸೂಜಿಯೊಳಗೆ ಹೋದ ಹಾಗೆ ಬಂದರು. "ಭಲೇ ಅಜ್ಜೀ!" ಎಂದು ಒಬ್ಬ ಡ್ರೈವರ್ ಚಪ್ಪಾಳೆ ತಟ್ಟಿದ. ಗೇಟು ಬಂತು, ಮುಗಿಯಿತು. ಹ್ಯಾಂಡ್‌ಬ್ರೇಕ್ ಎಳೆದು, ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತರು.

"ಕೊನೇ ಸಲ ಓಡಿಸಿದ್ದು, ಅದೂ ಹಿಂದಕ್ಕೆ" ಅಂದರು ಇಳಿಯುತ್ತಾ. ನಗಲು ನೋಡಿದರು, ಆಗಲಿಲ್ಲ.

ಪಕ್ಕದ ಸೀಟಿನಲ್ಲಿ ಕೂತರೆ ನೆಮ್ಮದಿಯುಂಟೇ? ಎದುರು ಒಂದು ಸೈಕಲ್ ಬಂದರೆ ಬಲಗಾಲು ಧಡ್ಡನೆ ನೆಲಕ್ಕೆ. ತಿರುವು ಬಂದರೆ ಧಡ್. ಒಂದು ಕೋಳಿ ರಸ್ತೆ ದಾಟಿದರೆ ಧಡ್ ಧಡ್. ಪ್ರತಿ ಸಲವೂ ಮಗಳ ಹೆಗಲು ಕಿವಿಯವರೆಗೆ ಏರುತ್ತಿತ್ತು.

"ಅಮ್ಮ, ಆ ಕಾಲು!"

"ನಾನೇನೂ ಅಂದಿಲ್ಲಪ್ಪ."

"ಬಾಯಲ್ಲಿ ಅಂದಿಲ್ಲ."

ಸಮುದ್ರ ಒಂದು ಕಡೆ ಜೊತೆಗೇ ಬರುತ್ತಿತ್ತು. ನೋಡುವವರು ಯಾರು? ಮಗಳು ರಸ್ತೆ ನೋಡುತ್ತಿದ್ದಳು, ಅಮ್ಮ ಮಗಳ ಕೈಕಾಲು ನೋಡುತ್ತಿದ್ದರು. ಕಾರು ಇಪ್ಪತ್ತರ ಮೇಲೆ ಏರಲೇ ಇಲ್ಲ. ಎಲ್ಲೂ ಇಳಿಯಲಿಲ್ಲ, ಬಂದರಿನಲ್ಲಿ ಕೊಂಡ ಬ್ರೆಡ್ಡನ್ನು ತೆಂಗಿನ ಮರಗಳ ಕೆಳಗೆ ತಿಂದದ್ದಷ್ಟೇ. ತನ್ನೂರಿನಲ್ಲಿ ಮನೆಯಿಂದ ಲೈಬ್ರರಿಗೆ, ಲೈಬ್ರರಿಯಿಂದ ಮನೆಗೆ, ಸಮತಟ್ಟು ರಸ್ತೆಯಲ್ಲಿ ಮಾತ್ರ ಓಡಿಸಿ ಗೊತ್ತು ಎಂದು ಮಗಳು ಅಲ್ಲಿ ಬಾಯಿಬಿಟ್ಟಳು. ಘಾಟಿ ಇನ್ನೂ ಮುಂದಿತ್ತು.

ಘಾಟಿಯ ನಡುವೆ, ಏರು ಬಲವಾದಲ್ಲಿ, ಮುಂದಿನ ಲಾರಿ ನಿಂತಿತು. ಮಗಳೂ ನಿಲ್ಲಿಸಿದಳು. ಲಾರಿ ಹೋಯಿತು. ಇವರ ಕಾರು ಒಮ್ಮೆ ಮುಗ್ಗರಿಸಿ ಆಫ್ ಆಯಿತು. ಮತ್ತೆ ಸ್ಟಾರ್ಟು, ಹಿಂದಕ್ಕೆ ಒಂದು ಮೊಳ ಜಾರಿತು, ಬ್ರೇಕಮ್ಮನ ಕಾಲು ಧಡ್, ಮತ್ತೆ ಆಫು. ಹಿಂದೆ ಒಂದು ಜೀಪು ಹಾರನ್ ಬಾರಿಸಿ, ಕಾದು, ಪಕ್ಕದಿಂದ ಹಾದುಹೋಯಿತು. ಮೂರನೇ ಸಲವೂ ಆಫಾದಾಗ ಮಗಳು ಹ್ಯಾಂಡ್‌ಬ್ರೇಕ್ ಎಳೆದು ಸ್ಟೇರಿಂಗಿಗೆ ಹಣೆ ಹಚ್ಚಿದಳು. ಗಡಿಯಾರದಲ್ಲಿ ಮೂರೂ ಕಾಲು. ಕೆಳಗೆ ದೂರದಲ್ಲಿ ಹಡಗು ಬೆಳ್ಳಗೆ ಕಾಣುತ್ತಿತ್ತು.

"ನನ್ನ ಕೈಲಾಗಲ್ಲಮ್ಮ. ನೀನು ಆವತ್ತೇ ಹೇಳಿದ್ದೆ." ಅವಳು ಅಳುತ್ತಿದ್ದಳು. "ನೀನೇ ಓಡಿಸು. ಇಲ್ಲಿ ಯಾರು ನೋಡ್ತಾರೆ? ಹಡಗು ಕಾಯಲ್ಲ."

ರಸ್ತೆ ಖಾಲಿ. ಅಂಗೈ ತುರಿಸಿತು. ಸುಳ್ಳೇಕೆ, ಬ್ರೇಕಮ್ಮನ ಕೈ ಬಾಗಿಲಿನ ಹಿಡಿಗೆ ಹೋಗಿಯೂ ಆಗಿತ್ತು. ಇಳಿದು ಆ ಕಡೆ ಬರುವುದು ಆರು ಹೆಜ್ಜೆ. ಅರ್ಧ ನಿಮಿಷದಲ್ಲಿ ಏರು ಹತ್ತಿಸಿ, ಇಪ್ಪತ್ತು ನಿಮಿಷದಲ್ಲಿ ಬಂದರು ಮುಟ್ಟಿಸುತ್ತಿದ್ದರು. ಆಸೆಪಟ್ಟದ್ದು ಇದಕ್ಕೇ ಅಲ್ಲವೇ, ದಿಂಬಿನ ಕೆಳಗೆ ನಕ್ಷೆ ಇಟ್ಟುಕೊಂಡದ್ದು ಇದಕ್ಕೇ ಅಲ್ಲವೇ?

ಆದರೆ ಇವಳು ಮತ್ತೊಮ್ಮೆ ಇಳಿದರೆ? ಇಳಿದರೆ ಇನ್ನು ಹತ್ತುವುದಿಲ್ಲ. "ಸಾಕು ಇನ್ನು" ಅಂತ ಕೀ ಕಿತ್ತುಕೊಳ್ಳುವುದು ಹೇಗಿರುತ್ತದೆಂದು ಬ್ರೇಕಮ್ಮನಿಗೆ ಒಂದು ವರ್ಷದಿಂದ ಗೊತ್ತಿತ್ತು. ತಾನು ಇದನ್ನೇ ಹದಿನೆಂಟರ ಹುಡುಗಿಗೆ ಮಾಡಿದ್ದೆ ಎಂದು ಮಾತ್ರ ಇವತ್ತೇ ಹೊಳೆದದ್ದು. ಹಿಡಿಯಿಂದ ಕೈ ತೆಗೆದರು.

"ಅಳು ಮುಗೀತಾ? ಮೂಗು ಒರೆಸ್ಕೋ. ಹೋದ್ರೆ ಹಡಗು ತಾನೇ, ಹೋಗ್ಲಿ. ಆವತ್ತು ನಾನು ಅಂದದ್ದು ತಪ್ಪು. ಟೀಚರ್ ಸರಿಯಿರಲಿಲ್ಲ, ಹುಡುಗಿ ಸರಿಯಿದ್ಲು."

ಮಗಳು ತಲೆ ಎತ್ತಿ ನೋಡಿದಳು.

ಬ್ರೇಕಮ್ಮ ಚಪ್ಪಲಿ ಬಿಟ್ಟು, ಮಂಡಿ ನೋವಿಗೆ "ಉಸ್ಸಪ್ಪಾ" ಎನ್ನುತ್ತಾ, ಮೊದಲು ಎಡಗಾಲು, ಆಮೇಲೆ ಬಲಗಾಲು ಎತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಮೂವತ್ತೊಂದು ವರ್ಷ ಆ ಬದಿಯ ಸೀಟಿನಲ್ಲಿ ಕೂತವರು ಹಾಗೆ ಕೂತದ್ದು ಅದೇ ಮೊದಲು.

"ನೋಡು, ಕಾಲು ಮೇಲಿದೆ. ಈಗ ಬ್ರೇಕು ನಿನ್ನ ಹತ್ರ ಮಾತ್ರ ಇರೋದು. ಕ್ಲಚ್ ಪೂರ್ತಿ ಒತ್ತು. ಸ್ಟಾರ್ಟ್ ಮಾಡು. ನಿಧಾನವಾಗಿ ಬಿಡ್ತಾ ಬಾ, ಇಂಜಿನ್ ದನಿ ದಪ್ಪಗಾಗುತ್ತೆ, ಗಾಡಿ ಮೂಗು ಎತ್ತುತ್ತೆ. ಆವಾಗ ಹ್ಯಾಂಡ್‌ಬ್ರೇಕ್ ಬಿಡು. ಅವಸರ ಇಲ್ಲ."

ದನಿ ದಪ್ಪಗಾಯಿತು. ಕಾರು ನಡುಗಿತು, ಒಂದು ಗೇಣು ಹಿಂದಕ್ಕೆ ಜಾರಿತು. ತೊಡೆಯ ಕೆಳಗೆ ಬ್ರೇಕಮ್ಮನ ಕಾಲ್ಬೆರಳುಗಳು ಮುರುಟಿಕೊಂಡವು. ಗಂಟಲಿಗೆ ಬಂದ ಆ ಒಂದು ಮಾತನ್ನು ಅವರು ನುಂಗಿದರು. ಕಾರು ನಿಂತಿತು, ಕೆಮ್ಮಿತು, ಮುಂದಕ್ಕೆ ಹೊರಟಿತು.

"ಅಮ್ಮ! ಹತ್ತಿತು! ಹತ್ತಿತು ನೋಡು!" ಮಗಳು ಕೂಗುತ್ತಾ ಇವರ ಕಡೆ ತಿರುಗಿದಳು.

"ರಸ್ತೆ ನೋಡೇ" ಅಂದರು ಬ್ರೇಕಮ್ಮ, ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಾ.