ತಗಡಿನ ಗೋಡೆಯಾಚೆಯ ಜಪಸರ

ಅಕ್ಟೋಬರ್ ಅಂದರೆ ಜಪಸರದ ತಿಂಗಳು. ಮರಾಠಿ ನಾಡಿನ ಘೋರ್ಪಡಿಯ ಆ ಓಣಿಯಲ್ಲಿ ಮಾತೆ ಮರಿಯಮ್ಮನವರು ಆ ತಿಂಗಳು ಚರ್ಚಿನಲ್ಲಿ ಕೂರುವುದೇ ಇಲ್ಲ. ಮೊಳದುದ್ದದ ಅವರ ಸ್ವರೂಪ, ಅಂದರೆ ಪ್ರತಿಮೆ, ದಿನಕ್ಕೊಂದು ಮನೆಗೆ ಬಿಜಯಮಾಡಿಸುತ್ತದೆ. ಸಂಜೆ ಓಣಿಯ ಕ್ಯಾಥೊಲಿಕರೆಲ್ಲ ಆ ಮನೆಯಲ್ಲಿ ಕೂಡಿ ಜಪಸರದ ಮಣಿ ಎಣಿಸುತ್ತಾರೆ, ಆಮೇಲೆ ಬೇಯಿಸಿದ ಕಡಲೆ ತಿಂದು ಹರಟೆ ಹೊಡೆದು ಹೋಗುತ್ತಾರೆ. ಜಪವನ್ನು ಆ ಮನೆಯವರೇ, ತಮ್ಮ ಮನೆಮಾತಿನಲ್ಲೇ ನಡೆಸಬೇಕೆಂಬುದು ಪದ್ಧತಿ. ಹಾಗಾಗಿ ಮರಿಯಮ್ಮನವರು ಒಂದು ದಿನ ಮರಾಠಿ, ಒಂದು ದಿನ ಕೊಂಕಣಿ, ಮತ್ತೊಂದು ದಿನ ತಮಿಳು ಕೇಳಿಸಿಕೊಳ್ಳುತ್ತಾರೆ. ಕನ್ನಡ ಮಾತ್ರ ಆ ಓಣಿಯಲ್ಲಿ ಅವರ ಕಿವಿಗೆ ಬಿದ್ದಿರಲಿಲ್ಲ.

ಅಲ್ಲಿದ್ದ ಒಂದೇ ಒಂದು ಕನ್ನಡದ ಕ್ಯಾಥೊಲಿಕ್ ಮನೆ ಮುದಗಲ್ಲಿನ ತೆರೇಸವ್ವನದು. ಗಂಡ ಇನ್ನಾಸಪ್ಪ ರೈಲು ಹಳಿ ನೋಡಿಕೊಳ್ಳುವ ಗ್ಯಾಂಗಿನವನು, ದಿನಾ ರೈಲಿನಲ್ಲಿ ದೌಂಡಿಗೆ ಹೋಗಿಬರುತ್ತಾನೆ. ಅವರದು ತಗಡಿನ ಗೋಡೆಯ ಒಂದೇ ಖೋಲಿ. ಜನ ಕೂರಲು ಜಾಗವಿಲ್ಲವೆಂದು ಪ್ರತಿವರ್ಷ ಸ್ವರೂಪ ಅವರ ಬಾಗಿಲು ದಾಟಿ ಮುಂದಿನ ಮನೆಗೆ ಹೋಗುತ್ತಿತ್ತು. ಈ ವರ್ಷ ತೆರೇಸವ್ವ ಓಣಿಯ ಪ್ರಾರ್ಥನೆಗಳ ಉಸ್ತುವಾರಿ ಮಧುಕರ್ ಮಾಸ್ತರರ ಬೆನ್ನು ಬಿಡಲಿಲ್ಲ. ಯೇಸು ಹುಟ್ಟಿದ್ದು ದನದ ಕೊಟ್ಟಿಗೆಯಲ್ಲಿ, ನಮ್ಮ ಖೋಲಿ ಅದಕ್ಕಿಂತ ಎಷ್ಟೋ ವಾಸಿ ಎಂದು ತನ್ನ ಹರಕುಮುರುಕು ಮರಾಠಿಯಲ್ಲಿ ವಾದಿಸಿದಳು. ಮಾಸ್ತರರು ಒಪ್ಪಿದರು.

ಆ ದಿನ ಬಂತು. ತೆರೇಸವ್ವ ಹೊಲಿಗೆ ಯಂತ್ರದ ಮೇಲೆ ತನ್ನ ಮದುವೆಯ ಇಳಕಲ್ ಸೀರೆ ಹೊದಿಸಿ ಪೀಠ ಮಾಡಿದಳು. ಕಡಲೆ ಬೆಂದಿತು. ಪಕ್ಕದ ಖೋಲಿಯ ಸಾಬವ್ವ ಕಟ್ಟಡದ ಕೆಲಸ ಮುಗಿಸಿ ಬಂದವಳೇ ಕೈಕಾಲು ತೊಳೆದು, ಹೊಸ್ತಿಲಲ್ಲಿ ಕೂತು ಕಡಲೆಗೆ ಕೊಬ್ಬರಿ ತುರಿಯತೊಡಗಿದಳು. ಅವಳು ಯಾದಗಿರಿ ಕಡೆಯವಳು. ಅವಳ ದೇವರು ಬೇರೆ, ಆದರೆ ತಗಡಿನ ಗೋಡೆ ಇಬ್ಬರಿಗೂ ಒಂದೇ.

ಅಷ್ಟರಲ್ಲಿ ಇನ್ನಾಸಪ್ಪನ ಫೋನು. "ಗಾಡಿ ನಡುದಾರಿಯೊಳಗ ನಿಂತದ. ಯಾವಾಗ ಬಿಡ್ತಾರೋ ಗೊತ್ತಿಲ್ಲ. ನೀನೇ ಶುರು ಮಾಡು" ಎಂದ. ಅವಳು ಉತ್ತರಿಸುವ ಮೊದಲೇ ಅವನ ಫೋನಿನ ಬ್ಯಾಟರಿ ಸತ್ತಿತು.

ನಮೋ ಮರಿಯಾ ಜಪಕ್ಕೆ ಎರಡು ಭಾಗ. ಮೊದಲರ್ಧವನ್ನು ನಡೆಸುವವರು ಹೇಳಬೇಕು, ಉಳಿದರ್ಧವನ್ನು ಮಿಕ್ಕವರು. ತೆರೇಸವ್ವನ ತವರಿನಲ್ಲಿ ಮೊದಲರ್ಧ ಅಪ್ಪನದು, ಇಲ್ಲಿ ದಿನಾ ಸಂಜೆಯ ಜಪದಲ್ಲಿ ಗಂಡನದು. ಅವಳ ನಾಲಿಗೆ ಹುಟ್ಟಿದಾಗಿನಿಂದ 'ಸಂತ ಮರಿಯಾ, ದೇವಮಾತೆಯೇ' ಎಂಬಲ್ಲಿಂದಲೇ ಹೊರಟು ರೂಢಿ. ಪುಸ್ತಕವೇನೋ ಗೂಡಿನಲ್ಲಿತ್ತು, ಆದರೆ ಅವಳಿಗೆ ಓದು ಬಾರದು. ಪಾತ್ರೆ ತೊಳೆಯುತ್ತ ಮೊದಲರ್ಧ ಹೇಳಿ ನೋಡಿದಳು. ಪ್ರತಿ ಸಲವೂ ಬಾಯಿ ತೆರೆದು, ಗಂಡ ಶುರು ಮಾಡಲಿ ಎಂದು ಕಾದು ನಿಂತಳು.

ಹಾಡು ಹೇಳುತ್ತ ಮೆರವಣಿಗೆ ಬಂದೇ ಬಿಟ್ಟಿತು. ಮಧುಕರ್ ಮಾಸ್ತರರು ಸ್ವರೂಪವನ್ನು ಇಳಕಲ್ ಸೀರೆಯ ಮೇಲೆ ಇರಿಸಿದರು. ಹಿಡಿಸಿದಷ್ಟು ಜನ ಒಳಗೆ, ಉಳಿದವರು ಓಣಿಯಲ್ಲಿ. ತೆರೇಸವ್ವ ಶಿಲುಬೆಯ ಗುರುತು ಹಾಕಿದಳು. ಎಲ್ಲರೂ ಒಟ್ಟಾಗಿ ಹೇಳುವ ಪರಲೋಕ ಮಂತ್ರ ಸಲೀಸಾಗಿ ಮುಗಿಯಿತು. ಮೊದಲ ಮಣಿ ಹಿಡಿದು ಬಾಯಿ ತೆರೆದಳು.

"ಸಂತ ಮರಿಯಾ, ದೇವಮಾತೆಯೇ..."

ಜನ ಮುಖ ಮುಖ ನೋಡಿಕೊಂಡರು. ತಾವು ಹೇಳಬೇಕಾದ ಉತ್ತರವನ್ನು ಅವಳೇ ಹೇಳಿಬಿಟ್ಟಿದ್ದಳು. ಮತ್ತೊಮ್ಮೆ ಮಣಿ ಹಿಡಿದಳು, ಮತ್ತೆ ಅದೇ. ಯಾರೋ ಕಿಸಕ್ಕೆಂದರು. ಮಾಸ್ತರರು ಬಾಗಿ, ಮರಾಠಿಯಲ್ಲಿ ನಾನೇ ನಡೆಸಲೇ ಎಂದು ಮೆಲ್ಲಗೆ ಕೇಳಿದರು. ತೆರೇಸವ್ವನಿಗೆ ಅಳು ಬಂತು. ಇಷ್ಟು ವರ್ಷಕ್ಕೆ ಮನೆಗೆ ಬಂದ ತಾಯಿ, ತನ್ನ ಮನೆಯ ಒಂದು ಮಾತೂ ಕೇಳದೆ ನಾಳೆ ಎದ್ದು ಹೋಗುವುದೇ?

ಆಗ ಹೊಸ್ತಿಲಿನಿಂದ ಕೆಮ್ಮು ಕೇಳಿಸಿತು. ಥೇಟ್ ಇನ್ನಾಸಪ್ಪನ ಕೆಮ್ಮು. ಬೆನ್ನಿಗೇ ಗಡಸು ದನಿ.

"ನಮೋ ಮರಿಯಾ, ವರಪ್ರಸಾದ ಪೂರ್ಣೆಯೇ..."

ಕೊಬ್ಬರಿ ತುರಿ ಮೆತ್ತಿದ ಕೈ ಮುಗಿದುಕೊಂಡು ಸಾಬವ್ವ ಹೇಳುತ್ತಿದ್ದಳು. ಶುರುವಿಗೆ ಇನ್ನಾಸಪ್ಪನ ಕೆಮ್ಮು, ಅವನದೇ ರಾಗ, ಕೊನೆಯಲ್ಲಿ ಅದೇ ಎಳೆತ. ದಿನಾ ಸಂಜೆ ತಗಡಿನಾಚೆಯಿಂದ ಬಂದದ್ದೆಲ್ಲ ಅವಳಿಗೆ ಬಾಯಿಪಾಠವಾಗಿಬಿಟ್ಟಿತ್ತು. ಅರ್ಧಕ್ಕೆ ಬಂದು ಗಕ್ಕನೆ ನಿಂತಳು, ಏಕೆಂದರೆ ಮುಂದಿನದು ತೆರೇಸವ್ವ ಮೆಲುದನಿಯಲ್ಲಿ ಹೇಳುವುದು, ಅದು ತಗಡು ದಾಟಿ ಅವಳಿಗೆ ಎಂದೂ ಕೇಳಿಸಿರಲಿಲ್ಲ. ಆದರೆ ತೆರೇಸವ್ವನಿಗೆ ಗೊತ್ತಿದ್ದದ್ದು ಅದೇ. "ಸಂತ ಮರಿಯಾ" ಎಂದು ಅವಳು ಎತ್ತಿಕೊಂಡಳು, ಓಣಿಯವರೆಲ್ಲ ತಮ್ಮ ತಮ್ಮ ಮಾತಿನಲ್ಲಿ ದನಿಗೂಡಿಸಿದರು. ಮಧುಕರ್ ಮಾಸ್ತರರೂ ಕಣ್ಣು ಮುಚ್ಚಿದರು.

ಹತ್ತು ಮಣಿ ಮುಗಿದವು. ಸಾಬವ್ವ ಅಷ್ಟೇ ಭಕ್ತಿಯಿಂದ, ಅದೇ ರಾಗದಲ್ಲಿ ಮುಂದುವರಿಸಿದಳು.

"ತೆರೇಸಾ, ಗ್ಯಾಸ್ ಬಂದ್ ಮಾಡೀಯೇನು..."

ಇನ್ನಾಸಪ್ಪನಿಗೆ ಗ್ಯಾಸಿನ ಭಯ. ಹತ್ತು ಮಣಿಗೊಮ್ಮೆ ಕೇಳದಿದ್ದರೆ ಅವನಿಗೆ ಸಮಾಧಾನವಿಲ್ಲ. ಮಾತು ಅರ್ಥವಾದರೂ, ಹತ್ತು ಮಣಿಗೊಮ್ಮೆ ತಪ್ಪದೆ ಬರುವುದರಿಂದ ಸಾಬವ್ವ ಅದನ್ನೂ ಜಪದ ಭಾಗವೆಂದೇ ತಿಳಿದಿದ್ದಳು. ಕನ್ನಡ ತಿಳಿಯದ ಮಾಸ್ತರರು ಗಂಭೀರವಾಗಿ "ಆಮೆನ್" ಅಂದರು. ತೆರೇಸವ್ವ ಸೆರಗು ಬಾಯಿಗೊತ್ತಿ, "ಮಾಡೀನಿ" ಎಂದು ಮುಂದಿನ ಮಣಿ ಹಿಡಿದಳು.

ಕೊನೆಯ ಹತ್ತು ಮಣಿಗಳ ಹೊತ್ತಿಗೆ ಇನ್ನಾಸಪ್ಪ ಬೆವರು ಸುರಿಸುತ್ತ ಬಂದು ಬಾಗಿಲಲ್ಲಿ ನಿಂತ. ರೂಢಿಯಂತೆ ಬಾಯಿ ತೆರೆದ. ಅವನ ದನಿ ಆಗಲೇ ಸಾಬವ್ವನ ಬಾಯಿಂದ ಹೊರಟಿತ್ತು. ಉತ್ತರವನ್ನಾದರೂ ಹೇಳೋಣವೆಂದು 'ದೇವಮಾತೆಯೇ' ತನಕ ಹೋದ. ಅಲ್ಲಿಂದಾಚೆ ಬರೀ ತುಟಿ ಆಡಿಸಿದ. ಹೆಂಡತಿ ಅದನ್ನು ನೋಡಿದಳು, ನೋಡಿ ಭಾರಿ ಖುಷಿಪಟ್ಟಳು.

ಎಲ್ಲರೂ ಹೋದ ಮೇಲೆ ಸಾಬವ್ವ ತಳದ ಕಡಲೆ ತಿನ್ನುತ್ತ ಹೇಳಿದಳು. "ಅಕ್ಕಾ, ಅಣ್ಣಾರ ಒಬ್ಬರೇ ಜಪ ಮಾಡ್ತಾರ, ನೀವು ಸುಮ್ಮ ಕುಂತಿರ್ತೀರಿ ಅಂತ ತಿಳಕೊಂಡಿದ್ದೆ. ಅರ್ಧ ನಿಮ್ಮದೇ ಅದ ಅಂತ ಇವತ್ತ ಗೊತ್ತಾತು."

ತೆರೇಸವ್ವನಿಗೂ ಅದು ಆವತ್ತೇ ಗೊತ್ತಾದಂತಿತ್ತು.

ಮರುದಿನ ಮರಿಯಮ್ಮನವರು ಮುಂದಿನ ಮನೆಗೆ ಹೋದರು. ಅಲ್ಲಿಯ ಜಪ ಮುಗಿಸಿ ಬಂದು ಗಂಡಹೆಂಡತಿ ಎಂದಿನಂತೆ ತಮ್ಮ ಜಪಕ್ಕೆ ಕೂತರು. ಇನ್ನಾಸಪ್ಪ ಮೊದಲರ್ಧ ಹೇಳಿದ. ತೆರೇಸವ್ವ ಗೋಡೆಯ ಕಡೆ ತಿರುಗಿ, ಗಂಟಲು ಬಿಚ್ಚಿ ತನ್ನರ್ಧ ಹೇಳಿದಳು. ತಗಡು ಝಣಝಣ ಎಂದಿತು.

"ಯಾಕ ಇಷ್ಟು ಜೋರು?" ಎಂದ ಅವನು.

"ಆ ಕಡಿ ಸಾಬವ್ವಗ ಅರ್ಧ ಬಾಕಿ ಅದ್ರಿ" ಎಂದಳು.

ಹತ್ತು ಮಣಿ ಮುಗಿದವು. ಇನ್ನಾಸಪ್ಪ ಗ್ಯಾಸಿನ ಮಾತೆತ್ತುವ ಮೊದಲೇ ಗೋಡೆಯಾಚೆ ಯಾರೋ ತಡವರಿಸುತ್ತ, "ಸಂತ ಮರಿಯಾ, ದೇವಮಾತೆಯೇ" ಎನ್ನುವುದು ಕೇಳಿಸಿತು. ಈ ಸಲ ಸಾಬವ್ವನ ದನಿಯಲ್ಲಿ ಇನ್ನಾಸಪ್ಪನ ಕೆಮ್ಮು ಇರಲಿಲ್ಲ.