ಗಾಜಿನಂಗಡಿಯ ಸೀರೆ

"ಏಳ್ರಿ ಒಂಚೂರು! ಮೊಟ್ಟಿಗೆ ಕಾವು ಕುಂತ ಕೋಳಿ ಹಂಗ ಯಾಕ ಕುಂತೀರಿ ಅದರ ಮ್ಯಾಲ?" ಎಂದು ಗುತ್ತೆವ್ವ ಗಂಡನ ಪಕ್ಕೆ ತಿವಿದಳು.

ಡಾಕಪ್ಪ ಏಳಲಿಲ್ಲ. ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಹೊರಟ ಆ ಬಸ್ಸಿನಲ್ಲಿ ಹಾವೇರಿ ಜಿಲ್ಲೆಯ ಮುಕ್ಕಾಲು ಪಾಲು ಜನ ಇದ್ದರು. ಉಳಿದ ಕಾಲು ಪಾಲು ಟಾಪಿನ ಮೇಲಿತ್ತು. ಅವರೆಲ್ಲರ ಕಣ್ಣೂ ತನ್ನ ಕುಂಡಿಯ ಕೆಳಗೇ ನೆಟ್ಟಿವೆ ಎಂದು ಅವನಿಗೆ ಖಾತ್ರಿಯಾಗಿತ್ತು. ಅಲ್ಲಿದ್ದದ್ದು ಒಂದು ಪ್ಲಾಸ್ಟಿಕ್ ಚೀಲ. ಬಣ್ಣವೋ, ಕುರುಡನ ಕಣ್ಣನ್ನೂ ಕುಕ್ಕುವಂಥ ಕೇಸರಿ. ಮೇಲೆ ಬರೆದ ಅಂಗಡಿಯ ಹೆಸರನ್ನು ಮೋಟೆಬೆನ್ನೂರಿನಲ್ಲಿ ಎತ್ತಿ ಹಿಡಿದರೆ ಹಾವೇರಿಯಲ್ಲಿ ಕೂತು ಓದಬಹುದಿತ್ತು.

"ಮಗಳ ಲಗ್ನದ ಸೀರಿರೀ ಅದು. ಹಪ್ಪಳ ಆಗಿ ಹೋದೀತು."

"ಆಗ್ಲಿ. ನಾ ಇಸ್ತ್ರಿ ಮಾಡ್ಸತೇನಿ. ನೀ ಬಾಯಿ ಮುಚ್ಕೊಂಡು ಕುಂದ್ರ."

ಮುಂದಿನ ಸೀಟಿನಲ್ಲಿದ್ದ ಮಗಳು ಅರುಣಾ ತಿರುಗಿ ನೋಡಿ ನಗು ತಡೆದುಕೊಂಡಳು. ಡಾಕಪ್ಪನಿಗೆ ಆ ನಗುವೂ ಚುಚ್ಚಿತು.

ಡಾಕಪ್ಪನೆಂದರೆ ಸಾಮಾನ್ಯ ಆಸಾಮಿಯಲ್ಲ. ಬ್ಯಾಡಗಿ ಪೇಟೆಯಲ್ಲಿ ಅವನದು ಅಪ್ಪನ ಕಾಲದ ಬಟ್ಟೆ ಅಂಗಡಿ. ಸುತ್ತಲಿನ ಯಾವ ಹಳ್ಳಿಯಲ್ಲಿ ಲಗ್ನ ಗೊತ್ತಾದರೂ ಎರಡೂ ಕಡೆಯ ಬೀಗರು ಕೂಡಿ ಕೂತು ಮದುವೆಯ ಬಟ್ಟೆ ತೆಗೆಯುವ ಬಸ್ತಾ ಅವನ ಬಿಳಿ ಗಾದಿಯ ಮೇಲೆಯೇ ಆಗಬೇಕು. ಅವನು ಒಮ್ಮೆ ಸೀರೆ ಬೀಸಿದನೆಂದರೆ ಅದು ಗಾಳಿಯಲ್ಲೇ ಒಂದು ತಾಸು ನಿಂತು, ಕೂತವರಿಗೆಲ್ಲ ದರ್ಶನ ಕೊಟ್ಟು, ಆಮೇಲೆ ಇಳಿಯುತ್ತಿತ್ತು. ಸೆರಗನ್ನು ತನ್ನ ಹೆಗಲಿಗೇ ಹಾಕಿಕೊಂಡು ನಿಂತರೆ ಮದುಮಗಳಿಗೂ ಹೊಟ್ಟೆಕಿಚ್ಚು. ಇನ್ನು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದವನು ಬಗ್ಗಿ ಹೊಸ್ತಿಲು ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡೇ ಬಲಗಾಲು ಒಳಗಿಡುವವನು. ಅಪ್ಪ ಮುಟ್ಟಿ, ಇವನು ಮುಟ್ಟಿ, ಆ ಸಾಗವಾನಿ ಹೊಸ್ತಿಲಿನಲ್ಲಿ ಲಿಂಬೆಹಣ್ಣು ಕೂರುವಷ್ಟು ತಗ್ಗು ಬಿದ್ದಿತ್ತು.

ಹೋದ ದೀಪಾವಳಿಗೆ ರಾಣೆಬೆನ್ನೂರಿನಲ್ಲಿ ಆ ಅಂಗಡಿ ಎದ್ದಿತು. ನಾಲ್ಕು ಮಾಳಿಗೆ, ಕೆಳಗಿನಿಂದ ಮೇಲಿನ ತನಕ ಗಾಜು. ಇಂಗ್ಲಿಷ್ ಹೆಸರಿಗೆ ನಾಲಿಗೆ ತಿರುಗದೆ ಜನ ಅದನ್ನು ಗಾಜಿನಂಗಡಿ ಎಂದರು. ಎದುರು ನಿಂತರೆ ಬಾಗಿಲು ತಾನೇ ತೆರೆಯುತ್ತದೆ. ಒಳಗಿನ ತಂಪಿಗೆ ಕಾಗಿನೆಲೆಯ ಒಬ್ಬ ಮುದುಕ ನಡುಗಿ, ಕಂಬಳಿ ತರಲು ಊರಿಗೆ ಹೋದವನು ಇನ್ನೂ ತಿರುಗಿ ಬಂದಿಲ್ಲವಂತೆ. ಮೊದಲು ಸೋಮವಾರ, ಗುರುವಾರ ಮೆಣಸಿನಕಾಯಿ ಮಾರಿದ ಮಂದಿ ಸೀನುತ್ತ ಸೀನುತ್ತ ಡಾಕಪ್ಪನ ಗಾದಿಗೆ ಬರುತ್ತಿದ್ದರು. ಈಗ ಸೀನುತ್ತ ಸೀನುತ್ತ ಬಸ್ಸು ಹತ್ತುತ್ತಾರೆ. ಗಾದಿಯ ಮೂಲೆಯಲ್ಲಿ ಬೆಕ್ಕು ಮರಿ ಹಾಕಿತ್ತು. ಎಬ್ಬಿಸುವ ಜರೂರಿಯೇ ಬಿದ್ದಿರಲಿಲ್ಲ.

ಅಷ್ಟನ್ನೂ ನುಂಗಿಕೊಂಡಿದ್ದ. ಆದರೆ ಹಾವೇರಿಯ ಬೀಗತಿ ಪ್ರೇಮವ್ವ ಹೇಳಿದ ಮಾತು ಗಂಟಲಲ್ಲೇ ನಿಂತಿತು.

"ಬಸ್ತಾ ಗಾಜಿನಂಗಡ್ಯಾಗ ಆಗ್ಲಿ ಬೀಗರ. ತಪ್ಪು ತಿಳ್ಕೋಬ್ಯಾಡ್ರಿ ಮತ್ತ. ನಿಮ್ಮಲ್ಲೇ ತಗೊಂಡ್ರ, ಮಾರದ ಉಳಿದಿದ್ದನ್ನ ಸೊಸಿಗೆ ಸುತ್ತಿ ಕಳಿಸ್ಯಾರ ಅಂತ ನಮ್ಮ ಓಣಿ ಮಂದಿ ಆಡ್ಕೊಂತಾರ."

ಡಾಕಪ್ಪ ಮಗಳ ಮುಖ ನೋಡಿದ್ದ. ಮಗಳು ನೆಲ ನೋಡಿದ್ದಳು. ಅವಳಿಗೂ ಗಾಜಿನಂಗಡಿಯೇ ಬೇಕಾಗಿತ್ತು. ಒಲ್ಲೆ ಎಂದರೆ ಸಂಬಂಧ ಮುರಿಯುತ್ತದೆ. ಹೂಂ ಎಂದರೆ, ಬಟ್ಟೆ ಅಂಗಡಿಯವನೇ ಮಗಳ ಸೀರೆ ಬೇರೆ ಕಡೆ ತಂದ ಎಂದು ಉಳಿದ ನಾಲ್ಕು ಗಿರಾಕಿಗಳೂ ಬಸ್ಸು ಹತ್ತುತ್ತಾರೆ. ಡಾಕಪ್ಪ ಹೂಂ ಎಂದಿದ್ದ. ಇವತ್ತು ಆ ಅಂಗಡಿಯಲ್ಲಿ ಪ್ರೇಮವ್ವ ಕೈಯಿಟ್ಟಿದ್ದು, ಡಾಕಪ್ಪ ರೊಕ್ಕ ಎಣಿಸಿದ್ದು ನವಿಲಿನ ಕುತ್ತಿಗೆಯ ಬಣ್ಣದ, ಕುಂಕುಮದ ಸೆರಗಿನ ರೇಷ್ಮೆ ಸೀರೆ.

ಬಸ್ಸು ಬ್ಯಾಡಗಿ ಮುಟ್ಟಿತು. ಡಾಕಪ್ಪ ಚೀಲವನ್ನು ಅಂಗಿಯೊಳಗೆ ತುರುಕಿಕೊಂಡು ಏಳು ತಿಂಗಳ ಬಸುರಿಯಂತೆ ಇಳಿದ.

"ಇದನ್ನ ನಾ ಅಂಗಡಿಗೆ ಒಯ್ತೇನಿ. ನೀವು ಮನಿಗೆ ನಡೀರಿ."

"ನಾಳೆ ಸಂಜೀಕ ಪ್ರೇಮವ್ವ ಸೀರಿಗೆ ಅರಿಷಿಣ ಹಚ್ಚಾಕ ಬರ್ತಾಳ. ಮರ್ತು ಗಿರ್ತೀರಿ!" ಎಂದು ಗುತ್ತೆವ್ವ ಹಿಂದಿನಿಂದ ಕೂಗಿದಳು.

ಅಂಗಡಿಯಲ್ಲಿ ದಾದಾಸಾಬ ಖಾಲಿ ಗಾದಿಯ ಸುಕ್ಕು ತಿದ್ದುತ್ತ ಕೂತಿದ್ದ. ಅಪ್ಪನ ಕಾಲದಿಂದ ಈ ಅಂಗಡಿಯಲ್ಲಿ ಸೀರೆ ಮಡಚಿದವನು. ಸಾಹುಕಾರನ ಅಂಗಿಯೊಳಗಿಂದ ಕೇಸರಿ ಚೀಲ ಹುಟ್ಟಿ ಬಂದದ್ದನ್ನು ನೋಡಿ ಅವನು ಎದ್ದು ಬಂದ.

"ಕತ್ತರಿ ಕೊಡ್ಲ್ಯಾ ಸಾವಕಾರ?" ಎಂದ, ಅಷ್ಟೇ.

ಕತ್ತರಿ ಬೆಲೆಚೀಟಿಯನ್ನು ಕತ್ತರಿಸಿತು. ಚೀಲ ಗಾದಿಯ ಕೆಳಗೆ ಹೋಯಿತು. ಸೀರೆ ಗಾದಿಯ ನಟ್ಟನಡುವೆ, ಹಾದಿಯಲ್ಲಿ ಹೋಗುವ ನಾಯಿಗೂ ಕಾಣುವಂತೆ, ಸೆರಗು ಹರಡಿ ಕೂತಿತು. ಆಮೇಲೆ ಡಾಕಪ್ಪ ಕಟ್ಟೆಯ ಮೇಲೆ ಹೊಲಿಗೆ ಮಶೀನು ತುಳಿಯುತ್ತಿದ್ದ ದರ್ಜಿ ಬುಡನಸಾಬನನ್ನು ಕರೆದ. ಬುಡನಸಾಬನ ಕಿವಿಗೆ ಬಿದ್ದ ಮಾತು ಮಶೀನಿನ ಗಾಲಿ ಒಂದು ಸುತ್ತು ತಿರುಗುವುದರೊಳಗೆ ಕದರಮಂಡಲಗಿ ಮುಟ್ಟುತ್ತಿತ್ತು.

"ನೋಡಪಾ ಬುಡನಸಾಬ, ನಮ್ಮ ಅರುಣಾನ ಲಗ್ನದ ಸೀರಿ. ಪ್ರೇಮವ್ವ ಗಾಜಿನಂಗಡಿ ಪೂರಾ ತಿರುಗಿ ಸುಸ್ತಾಗಿ, ಕಡೀಕ ನಮ್ಮ ಗಾದಿಗೇ ಬಂದ್ಲು."

"ಖರೇನ? ಭಾರಿ ಐತಿ ಬಿಡ್ರಿ. ಒಂದ ಐತೇನು?"

ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ಅವನು ಡಾಕಪ್ಪ ಹೇಗಾದಾನು?

"ಒಂದ? ಗೋದಾಮಿನಾಗ ಇಂಥಾವು ಇಪ್ಪತ್ತು ಬಿದ್ದಾವು!"

ದಾದಾಸಾಬ ಕೆಮ್ಮಿದ.

ಒಂದು ತಾಸೂ ಆಗಿರಲಿಲ್ಲ. ಕದರಮಂಡಲಗಿಯ ಭರಮವ್ವ, ಗಾದಿಯ ಹಳೆಯ ಗಿರಾಕಿ, ದೀಪಾವಳಿಯಿಂದ ಈ ಕಡೆ ಮುಖ ಹಾಕದವಳು, ಮೆಟ್ಟಿಲು ಹತ್ತಿದಳು. ಹತ್ತಿದವಳೇ ಸೆರಗನ್ನು ಹಿಡಿದಳು.

"ಅಯ್ಯ ನಮ್ಮಪ್ಪಾ! ಗಾಜಿನಂಗಡ್ಯಾಗ ಗೊಂಬಿಗೆ ಉಡಿಸ್ಯಾರಲ್ಲ, ಅದ ಸೀರಿ! ನಿನ್ನ ಕಡೆನೂ ಐತೇನೋ ಡಾಕಪ್ಪಾ?"

"ನನ್ನ ನೋಡಿ ಅವರು ತರಿಸ್ಯಾರಬೇ," ಎಂದು ಬಾಯಿ ತನ್ನಷ್ಟಕ್ಕೆ ತಾನೇ ಅಂದುಬಿಟ್ಟಿತು.

"ಹಂಗ ಅನ್ನು ಮತ್ತ! ಅಲ್ಲಿ ಕಮ್ಮಿ ಮಾಡು ಅಂದ್ರ ಆ ಹುಡುಗಿ ಚೀಟಿ ತೋರಿಸ್ಕೊಂತ ನಗತಾಳ. ಚೀಟಿ ಕೂಡ ಏನ್ ಜಗಳಾ ಆಡೂದು? ಬಾಯಿ ಕಟ್ಟಿದಂಗ ಆತು. ಇಬ್ಬರು ಮಕ್ಕಳ ಲಗ್ನ ಒಂದ ಮಂಟಪದಾಗ ಐತಿ. ಇಬ್ಬರು ಸೊಸ್ತೇರಿಗೂ ಒಂದ ನಮೂನಿ ಸೀರಿ ಬೇಕು. ಇಲ್ಲಾಂದ್ರ ಅಕ್ಕಿಕಾಳು ಬೀಳೂಕಿಂತ ಮೊದಲ ಜುಟ್ಟು ಹಿಡೀತಾರ. ಎರಡು ಕಟ್ಟು."

ಡಾಕಪ್ಪ ಸೆರಗನ್ನು ತನ್ನ ಕಡೆ ಎಳೆದುಕೊಂಡ. "ಇದು... ಅರುಣಾಗ ತಗದಿಟ್ಟದ್ದಬೇ."

"ಆಕಿಗೆ ಇನ್ನೊಂದು ತಗದಿಡು. ಇಪ್ಪತ್ತು ಅದಾವಂತಲ್ಲ? ಬಸ್‌ಸ್ಟ್ಯಾಂಡಿನ್ಯಾಗ ಕೇಳಿದೆ."

ಕಟ್ಟೆಯ ಮೇಲೆ ಮಶೀನಿನ ಸದ್ದು ನಿಂತಿತು. ಬುಡನಸಾಬ ದಾರವನ್ನು ಸೂಜಿಗೆ ಪೋಣಿಸುತ್ತಿದ್ದ, ಪೋಣಿಸುತ್ತಲೇ ಇದ್ದ. ಖರೇ ಸಂಗತಿ ಹೇಳಿಬಿಡಬೇಕು ಅನ್ನಿಸಿತು ಡಾಕಪ್ಪನಿಗೆ. ಆದರೆ ಗಾದಿಯ ಮೇಲಿಟ್ಟ ಮಾಲನ್ನು ಬಂದ ಗಿರಾಕಿಗೆ ಕೊಡುವುದಿಲ್ಲ ಅನ್ನುವ ಮಾತು ಅವನ ಅಪ್ಪನ ಬಾಯಿಂದಲೂ ಎಂದೂ ಬಂದಿರಲಿಲ್ಲ.

ಭರಮವ್ವ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಬೆಕ್ಕು ಮರಿಗಳ ಜೊತೆ ಎದ್ದುಹೋಯಿತು. ಅಷ್ಟು ದಿನ ಕಟ್ಟಿಟ್ಟ ಚೌಕಾಸಿಯನ್ನೆಲ್ಲ ಆಕೆ ಒಮ್ಮೆಗೇ ಬಿಚ್ಚಿದಳು. ಆಣೆ ಹಾಕಿದಳು, ಎದ್ದು ಹೊರಟಳು, ಮೆಟ್ಟಿಲಿನಿಂದ ತಿರುಗಿ ಬಂದಳು, ಡಾಕಪ್ಪನ ಅವ್ವನನ್ನು ನೆನೆದು ಕಣ್ಣೊರೆಸಿಕೊಂಡಳು. ಡಾಕಪ್ಪನೂ ತನಗೇ ತಿಳಿಯದೆ ಸೆರಗನ್ನು ಹೆಗಲಿಗೇರಿಸಿ ನಿಂತಿದ್ದ. ಕೈ ತಾನಾಗಿ ಬೀಸುತ್ತಿತ್ತು, ಬಾಯಿ ತಾನಾಗಿ ಹೊಗಳುತ್ತಿತ್ತು. ಒಂದು ಗಳಿಗೆ ಅವನಿಗೆ ಖರೇನೇ ಸುಖವಾಯಿತು. ಮೈಗೆ ಎಚ್ಚರ ಬರುವಷ್ಟರಲ್ಲಿ ಬೆಲೆ, ಅವನು ಕೊಟ್ಟು ತಂದದ್ದಕ್ಕಿಂತ ಎಷ್ಟೋ ಕೆಳಗಿಳಿದಿತ್ತು.

"ಇನ್ನೊಂದು ನಾಳೆ ಮಧ್ಯಾಹ್ನಕ್ಕ ಬಂದು ಒಯ್ತೇನಿ. ನಮ್ಮ ಓಣಿಯವರ್ನೂ ಕರ್ಕೊಂಡು ಬರ್ತೇನಿ ತಡಿ. ಸುಮ್ನ ಬಸ್ಸಿಗೆ ರೊಕ್ಕ ಹಾಕ್ತಾವು ಮೂಳಗೋಳು!"

ದಾದಾಸಾಬ ಸೀರೆಯನ್ನು ಹಳೆಯ ಪೇಪರಿನಲ್ಲಿ ಸುತ್ತಿ, ದಾರ ಬಿಗಿದು, ಎರಡೂ ಕೈಯಲ್ಲಿ ಕೊಟ್ಟ. ಆಕೆ ಹೋದ ಮೇಲೆ ನೋಟುಗಳನ್ನು ಕಣ್ಣಿಗೊತ್ತಿಕೊಂಡ.

"ಬಾಳ ದಿನಕ್ಕ ಬೋಣಿ ಆತ್ರಿ," ಎಂದ. ತುಸು ತಡೆದು, "ಅಲ್ರಿ ಸಾವಕಾರ, ನಿಮ್ಮ ಅಪ್ಪಾರ ಕಾಲದಿಂದ ಇಲ್ಲೇ ಅದೇನಿ. ಆ ಗೋದಾಮ ಯಾವ ಕಡೆ ಐತ್ರಿ?"

ಡಾಕಪ್ಪ ಗಾದಿಯ ಕೆಳಗಿನಿಂದ ಕೇಸರಿ ಚೀಲ ಎಳೆದು, ಮಡಚಿ, ಮತ್ತೆ ಅಂಗಿಯೊಳಗೆ ಇಟ್ಟುಕೊಂಡ.

ಮನೆಯಲ್ಲಿ ಗುತ್ತೆವ್ವ ಕೇಳಿದಳು, "ಸೀರಿ ಎಲ್ಲಿ?"

"ಅಂಗಡ್ಯಾಗ ಐತಿ."

"ನಾಳೆ ನನ್ನ ಗೆಳತ್ಯಾರಿಗೆ ತೋರಿಸ್ಬೇಕಪ್ಪಾ," ಅಂದಳು ಅರುಣಾ. ರೊಟ್ಟಿ ಮುರಿಯುತ್ತಿದ್ದವನು ತಲೆ ಅಲ್ಲಾಡಿಸಿದ.

ಮರುದಿನ ಮೊದಲ ಬಸ್ಸಿಗೆ ಡಾಕಪ್ಪ ರಾಣೆಬೆನ್ನೂರಿನಲ್ಲಿದ್ದ. ಒಂದು ಭರಮವ್ವನಿಗೆ, ಒಂದು ಅರುಣಾಳಿಗೆ. ಇನ್ನು ಭರಮವ್ವನ ಓಣಿ ಎಷ್ಟು ಉದ್ದವೋ ಆ ದೇವರು ಮಾಲತೇಶನೇ ಬಲ್ಲ. ಗಾಜಿನಂಗಡಿ ಇನ್ನೂ ತೆರೆದಿರಲಿಲ್ಲ. ಎದುರಿನ ಚಹದಂಗಡಿಯ ಬೆಂಚಿನ ಮೇಲೆ ಕೂತು ನೋಡಿದ. ಗಾಜಿನ ಹಿಂದೆ ಗೊಂಬೆ ನಿಂತಿತ್ತು, ಮೈಮೇಲೆ ನವಿಲಿನ ಕುತ್ತಿಗೆಯ ಬಣ್ಣದ ಅದೇ ಸೀರೆ. ಒಳಗೆ ಇನ್ನೂ ಒಂದು ಇದ್ದೀತೇ, ಇಲ್ಲವೇ? ಚಹಾ ಆರಿತು. ಸೆರಗಿನ ನಿರಿಗೆಯನ್ನು ಯಾರೋ ತಪ್ಪಾಗಿ ಹಿಡಿದಿದ್ದರು. ಅದೊಂದನ್ನು ತಿದ್ದಬೇಕೆಂದು ಅವನ ಬೆರಳುಗಳು ತುರಿಸುತ್ತಿದ್ದವು.

ದೀಪಗಳು ಹತ್ತಿದವು. ಬೇರೆ ಗಿರಾಕಿಗಳು ಇನ್ನೂ ಬಂದಿರಲಿಲ್ಲ. ಡಾಕಪ್ಪ ರಸ್ತೆ ದಾಟಿ ಬಾಗಿಲ ಮುಂದೆ ನಿಂತ. ಗಾಜು ಸದ್ದಿಲ್ಲದೆ ಎರಡು ಹೋಳಾಗಿ ಸರಿಯಿತು, ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು.

"ಬರ್ರಿ ಸರ್, ಬರ್ರಿ," ಎಂದಳು ಒಳಗಿನ ಹುಡುಗಿ.

ಬಲಗಾಲು ಎತ್ತುವ ಮೊದಲೇ ಅವನ ಬೆನ್ನು ಬಾಗಿತ್ತು. ಅಲ್ಲಿ ಹೊಸ್ತಿಲಿರಲಿಲ್ಲ, ನುಣುಪಾದ ಕಲ್ಲಿತ್ತು. ಬೆರಳು ಕಲ್ಲನ್ನು ಮುಟ್ಟಿ ಕಣ್ಣಿಗೆ ಹೋಯಿತು. ಅವನು ಹಾಗೇ ಬಗ್ಗಿ ನಿಂತಿದ್ದ. ಬಾಗಿಲು ಮುಚ್ಚಲು ಬಂದು, ಅವನು ಇರುವುದು ಗೊತ್ತಾಗಿ ಹಿಂದೆ ಸರಿಯಿತು. ಮತ್ತೆ ಬಂತು, ಮತ್ತೆ ಸರಿಯಿತು.